ರಸ್ತೆಯ ಮೇಲೆ ಮಲಗಿದ ಅಕ್ಷರ

ಟರ್ಪಂಟೈನ್ ವಾಸನೆ ಮೂಗಿಗೆ ಬಿದ್ದರೆ ನನಗೆ ಸಿಟ್ಟು ಬರುತ್ತದೆ. ಕೆಲವರಿಗೆ ತಲೆನೋವು ಬರುತ್ತದಂತೆ, ಕೆಲವರಿಗೆ ಹೊಸ ಮನೆಯ ನೆನಪಾಗುತ್ತದಂತೆ. ನನಗೆ ಸಿಟ್ಟು. ಕಳೆದ ವಾರ ಕಾರವಾರದ ಹಬ್ಬುವಾಡದಲ್ಲಿ ನಮ್ಮ ಪಕ್ಕದ ಮನೆಯವರು ಗೇಟಿಗೆ ಬಣ್ಣ ಹೊಡೆಸುತ್ತಿದ್ದರು. ಬೆಳಗಿನ ಚಾ ಹಿಡಿದು ಜಗಲಿಗೆ ಬಂದು ಕೂತವಳು ಒಂದೇ ಗುಟುಕಿಗೆ ಲೋಟ ಕೆಳಗಿಟ್ಟೆ. ಯಾರ ಮೇಲೆ ಸಿಟ್ಟು ಎಂದು ಯಾರಾದರೂ ಕೇಳಿದರೆ ಇಷ್ಟು ವರ್ಷ ‘ವಿಠೋಬನ ಮೇಲೆ’ ಎಂದೇ ಹೇಳಿಕೊಂಡು ಬಂದಿದ್ದೇನೆ. ಅದು ಪೂರ್ತಿ ನಿಜವಲ್ಲ ಅಂತ ನನಗೂ ಗೊತ್ತು. ನಿಜ ಹೇಳಬೇಕೆಂದರೆ ಮೊದಲಿನಿಂದ ಹೇಳಬೇಕು, ನೀವು ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ನನಗೆ ತಾಳ್ಮೆ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆಗ ನಾನು ಅಂಕೋಲೆಯ ಭಾವಿಕೇರಿ ಕಡೆಯ ಒಂದು ಸಣ್ಣ ಪ್ರಾಥಮಿಕ ಶಾಲೆಯಲ್ಲಿ ಮುಖ್ಯ ಶಿಕ್ಷಕಿ. ದೊಡ್ಡ ಪದವಿಯೇನಲ್ಲ. ಶಾಲೆಯಲ್ಲಿ ಇದ್ದದ್ದೇ ಇಬ್ಬರು ಅಕ್ಕೋರು. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಹಾಗೇ ಕರೆಯುವುದು. ಅವರಲ್ಲಿ ಹಿರಿಯಳು ನಾನು, ಅಷ್ಟೇ. ಶಾಲೆಯ ಬಾಗಿಲಿನಿಂದ ಹತ್ತು ಹೆಜ್ಜೆಗೆ ರಸ್ತೆ. ರಸ್ತೆಯಾಚೆ ನೀರಿನ ನಲ್ಲಿ. ಆ ರಸ್ತೆ ಹೊಂಡ ಬಿದ್ದು ಹಾಳಾಗಿದ್ದಾಗ ನಾವೆಲ್ಲ ಅದಕ್ಕೆ ಶಾಪ ಹಾಕುತ್ತಿದ್ದೆವು. ಒಂದು ಮಳೆಗಾಲ ಮುಗಿದ ಮೇಲೆ ಅದಕ್ಕೆ ಹೊಸ ಡಾಂಬರು ಬಿತ್ತು, ನಾವು ಹೊಂಡಗಳಿಗೇ ಕೈ ಮುಗಿಯಬೇಕಿತ್ತು ಅನಿಸುವಂತಾಯಿತು. ಮೀನಿನ ಟೆಂಪೊ, ಮರಳಿನ ಲಾರಿ, ಸಮುದ್ರ ನೋಡಲು ಹೋಗುವವರ ಬೈಕು, ಎಲ್ಲವೂ ನಮ್ಮ ಶಾಲೆಯ ಮುಂದೆ ಬರುವಾಗಲೇ ವೇಗ ಹೆಚ್ಚಿಸುತ್ತಿದ್ದವು. ಅಲ್ಲಿ ರಸ್ತೆ ನೇರವಿತ್ತಲ್ಲ.

ಊಟದ ಬಿಡುವಿನಲ್ಲಿ ನಲ್ಲಿಗೆ ಓಡಿದ ಮೂರನೇ ಕ್ಲಾಸಿನ ನಾಗವೇಣಿ ಒಂದು ಬೈಕಿಗೆ ಸಿಕ್ಕಿದಳು. ನಾನು ಒಳಗೆ ಕೂತು ಹಾಜರಿ ಪುಸ್ತಕ ಬರೆಯುತ್ತಿದ್ದೆ. ಸದ್ದು ಕೇಳಿ ಹೊರಗೆ ಬರುವಷ್ಟರಲ್ಲಿ ಹುಡುಗಿ ರಸ್ತೆ ಬದಿಯಲ್ಲಿ ಕೂತಿದ್ದಳು, ಅಳುತ್ತಿರಲಿಲ್ಲ, ಕಾಲನ್ನೇ ನೋಡುತ್ತಿದ್ದಳು. ಆ ಕಾಲು ಇರಬೇಕಾದ ರೀತಿಯಲ್ಲಿ ಇರಲಿಲ್ಲ. ಎರಡು ತಿಂಗಳು ಪ್ಲಾಸ್ಟರು. ಅವಳ ತಾಯಿ ಗೌರಿ ಗದ್ದೆ ಕೆಲಸದವಳು, ಶೇಂಗಾ ಕೀಳುವ ದಿನಗಳಲ್ಲಿ ಕೂಲಿಗೆ ಹೋಗುವವಳು. ಮೂರನೇ ದಿನ ಶಾಲೆಗೆ ಬಂದು, ಕಾಲು ಸರಿಯಾದರೂ ಮಗಳನ್ನು ಇನ್ನು ಕಳಿಸುವುದಿಲ್ಲ ಎಂದು ಮೆಲ್ಲಗೆ ಹೇಳಿ ಹೋದಳು. ಅವಳು ಜಗಳ ಮಾಡಿದ್ದರೆ ನನಗೆ ಉತ್ತರ ಕೊಡಲು ಬರುತ್ತಿತ್ತು. ಮರುವಾರ ಇನ್ನೂ ಐದಾರು ಮಕ್ಕಳು ಬರಲಿಲ್ಲ.

ರಸ್ತೆಗೆ ಉಬ್ಬು ಹಾಕಿಸಿ ಎಂದು ಅರ್ಜಿ ಬರೆದೆ. ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಿ ಯಾವುದೋ ಒಂದರ ಮೇಲೆ ನೆಲೆ ನಿಂತಿತು. ಉಬ್ಬು ಬರುವವರೆಗೆ ರಸ್ತೆಯ ಮೇಲೆ ‘ನಿಧಾನ’ ಎಂದಾದರೂ ಬರೆಸೋಣ ಎಂದು ಹೊಳೆದದ್ದು ನನಗೇ. ಪಂಚಾಯತಿಯವರು ಹೂಂ ಅಂದರು. ಬರೆಯುವವರು ಯಾರು ಎಂದಾಗ ಶಾಲೆಯ ಅಡುಗೆಯ ಮಾದೇವಿ ವಿಠೋಬನ ಹೆಸರು ಹೇಳಿದಳು. ಅವಳ ಅಣ್ಣ ಕಾರವಾರದಲ್ಲಿ ಬೋಟಿಗೆ ಹೋಗುವವನು; ಆ ಬೋಟಿನ ಮೂತಿಯ ಮೇಲೆ ಹೆಸರು ಬರೆದದ್ದು ವಿಠೋಬನಂತೆ, ನೋಡಿದರೆ ಕಣ್ಣಿಗೆ ತಂಪಾಗುತ್ತದಂತೆ.

ವಿಠೋಬ ಮೀನುಗಾರರ ಮನೆಯವನು. ಅಪ್ಪ, ಅಣ್ಣಂದಿರು ಎಲ್ಲ ಸಮುದ್ರಕ್ಕೆ ಹೋದವರು. ಇವನಿಗೆ ಮಾತ್ರ ಬೋಟು ಅಲುಗಿದರೆ ವಾಂತಿ. ಹಾಗಾಗಿ ದಡದಲ್ಲೇ ನಿಂತು ಬೋಟುಗಳಿಗೆ ಹೆಸರು ಬರೆಯುವ ಕೆಲಸ ಹಿಡಿದ. ಇದನ್ನು ಅವನೇ ಮೊದಲ ದಿನ, ನಾನು ಕೇಳದೆಯೇ, ಬಹಳ ಹೊತ್ತು ಹೇಳಿದ. ಬಣ್ಣದ ಡಬ್ಬಿ, ಟರ್ಪಂಟೈನ್ ಸೀಸೆ, ಹಗ್ಗ, ಸೀಮೆಸುಣ್ಣ ಹಿಡಿದು ಬೆಳಗಿನ ಬಸ್ಸಿಗೆ ಬಂದಿದ್ದ. ಒಂದೇ ಶಬ್ದ, ಮೂರೇ ಅಕ್ಷರ. ಮಧ್ಯಾಹ್ನದೊಳಗೆ ಮುಗಿಯುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ. ಆ ಮನುಷ್ಯ ಮಧ್ಯಾಹ್ನದವರೆಗೆ ಡಬ್ಬಿಯ ಮುಚ್ಚಳವನ್ನೇ ತೆಗೆಯಲಿಲ್ಲ. ರಸ್ತೆಯ ಮೇಲೆ ಹಿಂದಕ್ಕೆ ನಡೆಯುವುದು, ಕುಕ್ಕರುಗಾಲಲ್ಲಿ ಕೂರುವುದು, ಒಂದು ಕಣ್ಣು ಮುಚ್ಚುವುದು, ಎದ್ದು ಬರುವುದು, ಒಂದು ಗೀಟು ಎಳೆಯುವುದು, ಅದನ್ನು ಅಳಿಸುವುದು. ಮರಳಿನ ಲಾರಿಯೊಂದನ್ನು ನಿಲ್ಲಿಸಿ ಡ್ರೈವರನ ಪಕ್ಕ ಹತ್ತಿ ಕೂತು, ಇಳಿದು ಬಂದ. ನಾನು ಮಗ್ಗಿ ಹೇಳಿಸುತ್ತ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದೆ. ಮಕ್ಕಳು ಏಳರ ಮಗ್ಗಿಯಲ್ಲಿ ತಪ್ಪಿದರೂ ನನಗೆ ತಿಳಿಯಲಿಲ್ಲ.

ಎರಡನೇ ದಿನ ಸಂಜೆ ಕರೆದ. ಹೋಗಿ ನೋಡಿದರೆ, ರಸ್ತೆಯ ಮೇಲೆ ಸೀಮೆಸುಣ್ಣದಲ್ಲಿ ಮೂರು ವಿಕಾರಗಳು. ಒಂದೊಂದು ಅಕ್ಷರ ಮೂರು ಆಳು ತಲೆಗೆ ಕಾಲು ಕೊಟ್ಟು ಮಲಗಿದಷ್ಟು ಉದ್ದ, ಅಗಲ ಮಾತ್ರ ಎರಡು ಮೊಳ. ‘ನಿ’ಯ ಗುಡಿಸು ಬಿದಿರಿನ ಕೋಲಿನ ಹಾಗೆ ಎಲ್ಲಿಗೋ ಹೊರಟಿತ್ತು. ‘ಧಾ’ದ ಹೊಟ್ಟೆ ಸೀಳಿದ ಗೀಟು ಒಂದು ಕಡೆ, ದೀರ್ಘ ಇನ್ನೊಂದು ಕಡೆ. ನೀವೇ ಹೇಳಿ, ಇಪ್ಪತ್ತಾರು ವರ್ಷ ಮಕ್ಕಳ ಬೆರಳು ಹಿಡಿದು ಗುಂಡಗೆ ಬರೆ, ಗುಂಡಗೆ ಬರೆ ಎಂದು ತಿದ್ದಿಸಿದ ಕೈಗೆ ಇದನ್ನು ಕಂಡರೆ ಏನಾಗಬೇಡ? ಅಕ್ಷರ ಬರೆಯಲು ಬರದಿದ್ದರೆ ಮೊದಲೇ ಹೇಳಬೇಕಿತ್ತು ಎಂದೆ.

ಅವನಿಗೆ ಸಿಟ್ಟು ಬರಲಿಲ್ಲ. ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು.

“ರಸ್ತೆ ಮಲಗ್ಕಂಡದೆ ಅಕ್ಕೋರೆ,” ಅಂದ. “ಗಾಡಿಯವ ಅದನ್ನ ದೂರದಿಂದ ನೋಡೂದು. ಉದ್ದ ಬರದ್ರೆ ಸರಿ ಕಾಣ್ತದೆ, ಸರಿ ಬರದ್ರೆ ಕುಳ್ಳ ಕಾಣ್ತದೆ.”

ಬೋಟಿನ ಮೂತಿಯೂ ಹಾಗೇ, ಅದು ನೆಟ್ಟಗೆ ನಿಂತಿರುವುದಿಲ್ಲ, ಹಿಂದಕ್ಕೆ ಓರೆಯಾಗಿರುತ್ತದೆ, ಅದಕ್ಕೆ ತಕ್ಕಂತೆ ಅಕ್ಷರ ಎಳೆದು ಬರೆಯಬೇಕು, ಹತ್ತಿರ ನಿಂತ ಮಾಲೀಕರು ಬೈಯುತ್ತಾರೆ, ದೂರ, ಬೋಟು ಕಟ್ಟುವ ಧಕ್ಕೆಯ ಮೇಲೆ ಕರೆದುಕೊಂಡು ಹೋಗಿ ತೋರಿಸಿದರೆ ಸುಮ್ಮನಾಗುತ್ತಾರೆ ಎಂದೆಲ್ಲ ವಿವರಿಸಿದ. ನನ್ನನ್ನೂ ಇಪ್ಪತ್ತು ಹೆಜ್ಜೆ ಹಿಂದಕ್ಕೆ ಕರೆದುಕೊಂಡು ಹೋದ. ನಿಂತು ನೋಡಿದೆ. ಅಲ್ಲಿಂದಲೂ ನನಗೆ ಆ ಅಕ್ಷರಗಳು ಉದ್ದವಾಗಿಯೇ ಕಂಡವು. ಕಾಣದೆ ಏನು, ಅವುಗಳ ಪಕ್ಕದಲ್ಲೇ ನಡೆದು ಬಂದಿದ್ದೇನಲ್ಲ, ಎಷ್ಟುದ್ದ ಅಂತ ಕಾಲಿಗೇ ಗೊತ್ತಿತ್ತು. ಕುಕ್ಕರುಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿ ಎಂದ. ಕೂತರೆ ಗಾಡಿಯವನಿಗೆ ದೂರದಿಂದ ಕಂಡ ಹಾಗೆಯೇ ಕಾಣುತ್ತದಂತೆ. ಸಂಜೆ ಹೊತ್ತು, ಗದ್ದೆಯಿಂದ ಮರಳುವ ಹೆಂಗಸರು, ಸೈಕಲ್ಲಿನ ಗಂಡಸರು ಎಲ್ಲ ನಿಂತು ನೋಡುತ್ತಿದ್ದರು. ನನ್ನ ಮಕ್ಕಳ ಅಪ್ಪ ಅಮ್ಮಂದಿರು. ಅವರ ಮುಂದೆ ನಾನು ಸೀರೆ ಎತ್ತಿ ಕಟ್ಟಿ ನಡು ರಸ್ತೆಯಲ್ಲಿ ಕುಕ್ಕರಿಸಿ ಒಂದು ಕಣ್ಣು ಮುಚ್ಚಬೇಕಂತೆ. ಮುಚ್ಚಲಿಲ್ಲ. ಪುಸ್ತಕದಲ್ಲಿ ಇರುವ ಹಾಗೆ ಗುಂಡಗೆ ಬರೆಯುವುದಾದರೆ ಬರಿ, ಇಲ್ಲದಿದ್ದರೆ ಸಂಜೆ ಬಸ್ಸು ಇದೆ ಎಂದೆ.

ವಿಠೋಬ ಒಂದು ಗೋಣಿ ಒದ್ದೆ ಮಾಡಿ ತಂದು ಸೀಮೆಸುಣ್ಣವನ್ನೆಲ್ಲ ಒರೆಸಿದ. ಮರುದಿನ ನಾನು ಹೇಳಿದಂತೆ ಬರೆದ. ಶಾಲೆಯ ಆಚೆ ಒಂದು ‘ನಿಧಾನ’, ಈಚೆ ಒಂದು ‘ನಿಧಾನ’. ಏನು ಚೆಂದದ ಅಕ್ಷರ ಅಂತೀರಿ. ಊರವರೆಲ್ಲ ಬಂದು ಸುತ್ತ ನಿಂತು, ಬಗ್ಗಿ ನೋಡಿ, ಹೊಗಳಿದರು. ಮಕ್ಕಳಿಗೆ ಅದರ ಮೇಲೆ ಬೆರಳಾಡಿಸಿ ತಿದ್ದಲು ಬಿಡಬಹುದಿತ್ತು, ಅಷ್ಟು ದುಂಡಗೆ. ಚಾ ಮಾಡಿಸಿ ಕರೆದರೆ ವಿಠೋಬ ಬಸ್ಸಿಗೆ ಹೊತ್ತಾಯಿತು ಎಂದು ಹೋದ. ಬಸ್ಸಿಗೆ ಇನ್ನೂ ಅರ್ಧ ತಾಸಿತ್ತು.

ಗಾಡಿಗಳು ನಿಧಾನವಾಗಲಿಲ್ಲ. ನಾನು ಡ್ರೈವರುಗಳನ್ನು ಬೈದೆ. ಓದು ಬರಹ ಕಲಿತೂ ಹೀಗೆ ಮಾಡುವವರಿಗೆ ಏನು ಹೇಳೋಣ ಎಂದು ಮಾದೇವಿಯ ಹತ್ತಿರ ದಿನಾ ಹೇಳಿದೆ. ಒಂದು ದಿನ ರಸ್ತೆಗೇ ಇಳಿದು ಕೈ ಅಡ್ಡ ಹಿಡಿದು ಮೀನಿನ ಟೆಂಪೊ ನಿಲ್ಲಿಸಿ, ಕಣ್ಣು ಕಾಣುವುದಿಲ್ಲವಾ ಎಂದು ಕೇಳಿದೆ. ಟೆಂಪೊದವನು ಪಾಪ, ಇಳಿದು ಬಂದು ನೆಲ ನೋಡಿ, ಇದು ಬರಹವಾ ಎಂದ. ರಸ್ತೆ ಕೆಲಸದವರು ಉಳಿದ ಬಣ್ಣ ಚೆಲ್ಲಿ ಹೋದದ್ದು ಅಂದುಕೊಂಡಿದ್ದನಂತೆ. ಅವನ ಮಾತು ಉಡಾಫೆ ಎಂದೇ ನಾನು ತಿಳಿದೆ.

ಪ್ಲಾಸ್ಟರು ಬಿಚ್ಚಿದ ಮೇಲೆ ನಾಗವೇಣಿ ಮತ್ತೆ ಬಂದಳು. ಅವಳ ಮನೆಗೆ ನಾನೇ ಎರಡು ಸಲ ಹೋಗಿ, ಈಗ ರಸ್ತೆಯಲ್ಲಿ ಬರೆಸಿದ್ದೇನೆ, ಇನ್ನು ಹೆದರಿಕೆ ಇಲ್ಲ ಎಂದು ಮಾತು ಕೊಟ್ಟು ಬಂದಿದ್ದೆ. ಗೌರಿಗೆ ಓದಲು ಬರುವುದಿಲ್ಲ. ನನ್ನ ಮಾತು ನಂಬಿ ಕಳಿಸಿದಳು. ನಾಲ್ಕನೇ ದಿನ ಶಾಲೆ ಬಿಟ್ಟಾಗ, ಮಗಳನ್ನು ಕರೆದೊಯ್ಯಲು ತಾಯಿ ರಸ್ತೆಯಾಚೆ ನಿಂತಿದ್ದಳು. ಹುಡುಗಿ ಕಾಲೆಳೆಯುತ್ತ ದಾಟುವಾಗ ಒಂದು ಬೈಕು ಬಂದು, ಬ್ರೇಕು ಹಾಕಿ, ಅಡ್ಡ ಬಿದ್ದು, ಅವಳ ಪಾದದಿಂದ ಒಂದು ಗೇಣು ದೂರದಲ್ಲಿ ನಿಂತಿತು. ಹುಡುಗಿಗೆ ಏನೂ ಆಗಲಿಲ್ಲ. ಬೈಕಿನವನ ಮೊಣಕೈ ತರಚಿತ್ತು. ಅವನು ಬೈಕು ಎತ್ತುತ್ತ, ಇಲ್ಲಿ ಶಾಲೆ ಇದೆ ಅಂತಲೇ ತಿಳಿಯಲಿಲ್ಲ ಅಕ್ಕೋರೆ, ಏನೂ ಕಾಣಲಿಲ್ಲ ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಗೌರಿ ಮಗಳನ್ನು ಸೊಂಟಕ್ಕೆ ಎತ್ತಿಕೊಂಡಳು, ಎಂಟು ವರ್ಷದ ಹುಡುಗಿಯನ್ನು.

“ಬರದ್ ಮೇಲೂ ಹಿಂಗೇ ಆದ್ರೆ, ಬರದದ್ದು ಎಂತಕ್ಕೆ ಅಕ್ಕೋರೆ?”

ಇಷ್ಟೇ ಕೇಳಿದ್ದು. ಇಪ್ಪತ್ತಾರು ವರ್ಷದಲ್ಲಿ ಯಾವ ಇನ್‌ಸ್ಪೆಕ್ಟರೂ ನನ್ನನ್ನು ಅಂಥ ಪ್ರಶ್ನೆ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಅದೇ ಮೀನಿನ ಟೆಂಪೊದವನನ್ನು ದಾರಿಯಲ್ಲಿ ಕಾದು ಹಿಡಿದು, ಶಾಲೆಯವರೆಗೆ ಕರೆದುಕೊಂಡು ಹೋಗು, ಯಾವಾಗಲೂ ಹೋಗುವ ವೇಗದಲ್ಲೇ ಹೋಗು ಎಂದೆ. ಮುಂದಿನ ಸೀಟಿನಲ್ಲಿ, ಮೀನಿನ ಬುಟ್ಟಿಗಳ ನೀರು ಕಾಲ ಬುಡಕ್ಕೆ ಹರಿಯುತ್ತಿದ್ದರೂ ಬಿಡದೆ, ಕಣ್ಣು ಕಿರಿದು ಮಾಡಿ ಕೂತೆ. ದೂರದಲ್ಲಿ ರಸ್ತೆಗೆ ಅಡ್ಡವಾಗಿ ಬಿಳಿ ಗೀರು ಕಂಡಿತು. ಹತ್ತಿರ ಬಂದಂತೆ ಅದು ಮೂರು ತುಂಡಾಯಿತು, ಯಾರೋ ಕಾಲಲ್ಲಿ ತುಳಿದ ಮೂರು ಶೇವಿಗೆ ಉಂಡೆಗಳ ಹಾಗೆ. ಯಾವುದು ‘ನಿ’, ಯಾವುದು ‘ನ’ ತಿಳಿಯಲಿಲ್ಲ. ಅದು ‘ನಿಧಾನ’ ಎಂದು ಗೊತ್ತಾಗುವ ಹೊತ್ತಿಗೆ ಟೆಂಪೊ ಅದರ ಮೇಲೇ ಹೋಗುತ್ತಿತ್ತು. ನಾನೇ ನಿಂತು ಬರೆಸಿದ ಅಕ್ಷರವನ್ನು ನನಗೇ ಓದಲು ಬರಲಿಲ್ಲ. ಟೆಂಪೊದವನು ನನ್ನ ಮುಖ ನೋಡಿದ. ಕೂಡಲೇ ಕಣ್ಣನ್ನು ರಸ್ತೆಗೆ ತಿರುಗಿಸಿಕೊಂಡ. ಒಳ್ಳೆಯ ಮನುಷ್ಯ.

ಮಕ್ಕಳಿಗೆ ಚಿತ್ರ ಬಿಡಿಸಲು ಚೊಂಬು ಎದುರಿಗಿಟ್ಟರೆ ಎಲ್ಲ ಮಕ್ಕಳೂ ಅದರ ಬಾಯನ್ನು ಹುಣ್ಣಿಮೆ ಚಂದ್ರನ ಹಾಗೆ ಗುಂಡಗೆ ಬರೆಯುತ್ತಾರೆ. ಬೆಂಚಿನಿಂದ ನೋಡಿದರೆ ಚೊಂಬಿನ ಬಾಯಿ ಗುಂಡಗೆ ಕಾಣುವುದೇ ಇಲ್ಲ, ಬಾದಾಮಿಯ ಹಾಗೆ ಚಪ್ಪಟೆ ಕಾಣುತ್ತದೆ. ಆದರೂ ಮಕ್ಕಳು ಗುಂಡಗೆ ಬರೆಯುತ್ತಾರೆ, ಮತ್ತು ನಾನು ವರ್ಷ ವರ್ಷವೂ ಅದಕ್ಕೆ ಪೂರ್ತಿ ಮಾರ್ಕು ಕೊಟ್ಟಿದ್ದೆ. ನನಗೂ ಅದು ಸರಿಯಾಗಿಯೇ ಕಾಣುತ್ತಿತ್ತಲ್ಲ. ಈ ವಿಚಾರ ನನಗೆ ಹೊಳೆದದ್ದು ಶನಿವಾರ, ಕಾರವಾರದ ಬಸ್ಸಿನಲ್ಲಿ. ಹೊಳೆದದ್ದೇ ಮೈ ಉರಿಯಿತು.

ಬಂದರಿನಲ್ಲಿ ವಿಠೋಬ ದಡಕ್ಕೆ ಎಳೆದಿಟ್ಟ ಬೋಟೊಂದರ ಮೂತಿಗೆ ಏಣಿ ಹಾಕಿ ಹೆಸರು ಬರೆಯುತ್ತಿದ್ದ. ನನ್ನನ್ನು ನೋಡಿ, ಕೂತಿರಿ ಅಕ್ಕೋರೆ ಎಂದ. ಎಲ್ಲಿ ಕೂರುವುದು, ಬಲೆಯ ರಾಶಿಯ ಮೇಲೆ ಕೂತೆ. ಒಂದು ತಾಸು ಏಣಿಯಿಂದ ಇಳಿಯಲಿಲ್ಲ. ತಪ್ಪಾಯಿತು ಎಂದು ಹೇಳಲು ಬಸ್ಸಿನಲ್ಲಿ ನಾಲ್ಕು ಮಾತು ಜೋಡಿಸಿಕೊಂಡು ಹೋಗಿದ್ದೆ. ಬಿಸಿಲಿಗೆ ಮೂರು ಆವಿಯಾದವು. ಅವನು ಇಳಿದು ಬಂದಾಗ ಬಾಯಿಂದ ಬಂದದ್ದು, “ಆ ಬರಹ ಸರಿ ಕಾಣೂದಿಲ್ಲ, ಇನ್ನೊಂದು ಸಲ ಬಾ,” ಎಂಬುದೊಂದೇ. ತಪ್ಪು ಅವನದೇ ಎನ್ನುವ ಧಾಟಿಯಲ್ಲಿ.

ಅವನು ಚಾ ತರಿಸಿದ. ಕುಡಿದಾದ ಮೇಲೆ ಕಪ್ಪಿನ ಕೆಳಗಿನ ಬಶಿಯನ್ನು ತೊಳೆದು, ನನ್ನೆದುರು ಒಂದು ಡಬ್ಬಿಯ ಮೇಲೆ ಅಡ್ಡಡ್ಡ ಇಟ್ಟು, ಕೈಗೆ ಸೀಮೆಸುಣ್ಣ ಕೊಟ್ಟು, ಕಂಡ ಹಾಗೆ ಬರೆಯಿರಿ ಎಂದ. ಹಳೆ ಹಲಗೆಯೊಂದರ ಮೇಲೆ ಬರೆದೆ. ನೋಡಿ ತಲೆ ಅಲ್ಲಾಡಿಸಿದ. ಒರೆಸಿ ಮತ್ತೆ ಬರೆದೆ, ಸ್ವಲ್ಪ ಚಪ್ಪಟೆ ಮಾಡಿ. ಮತ್ತೆ ತಲೆ ಅಲ್ಲಾಡಿಸಿದ. ಮೂರನೆಯ ಸಲ ನನಗೆ ಎದ್ದು ಹೋಗುವಷ್ಟು ಸಿಟ್ಟು ಬಂತು. ಆಗ ಕೈ ಮುಂದೆ ಚಾಚಿಸಿ, ಒಂದು ಕಣ್ಣು ಮುಚ್ಚಿಸಿ, ಬ್ರಶ್ಶಿನ ಕೋಲಿನಿಂದ ಬಶಿಯ ಅಡ್ಡ ಎಷ್ಟು, ಉದ್ದ ಎಷ್ಟು ಎಂದು ಅಳೆಸಿದ. ಬಂದರಿನಲ್ಲಿ ಗುರುತಿನವರು ಯಾರೂ ಇರಲಿಲ್ಲ, ಹಾಗಾಗಿ ಮುಚ್ಚಿದೆ. ಅಡ್ಡದ ಕಾಲು ಭಾಗವೂ ಇರಲಿಲ್ಲ ಉದ್ದ. ನಾನು ಬರೆದದ್ದು ಮುಕ್ಕಾಲಿನಷ್ಟಿತ್ತು.

“ಕಣ್ಣಿಗೆ ಕಾಣೂದು ಸರೀನೇ ಅಕ್ಕೋರೆ. ಬಶಿ ಗುಂಡು ಅಂತ ನಿಮಗೆ ಮೊದ್ಲೇ ಗೊತ್ತುಂಟಲ್ಲ, ಗೊತ್ತಿದ್ದದ್ದೇ ಕೈಗೆ ಬರ್ತದೆ.”

ಅದೇನು ದೊಡ್ಡ ತಪ್ಪಲ್ಲ ಎಂದೂ ಹೇಳಿದ. ಬಶಿ ಓರೆಯಾದಾಗಲೆಲ್ಲ ಅದರ ಆಕಾರ ಬದಲಾಯಿತು ಎಂದು ಮನಸ್ಸು ತಿಳಿದರೆ ಮನುಷ್ಯ ಒಂದು ಪಾತ್ರೆಯನ್ನೂ ಹಿಡಿಯಲಾರ, ಎಲ್ಲ ಚೆಲ್ಲುತ್ತಾನೆ. ಹಾಗೆ ತಿದ್ದಿಕೊಳ್ಳುವುದು ಒಳ್ಳೆಯದೇ, ಆದರೆ ಓಡುವ ಗಾಡಿಯಲ್ಲಿ ದೂರದ ಅಕ್ಷರಕ್ಕೆ ಅಷ್ಟು ತಿದ್ದಿಕೊಳ್ಳಲು ಪುರಸೊತ್ತು ಸಿಗುವುದಿಲ್ಲ. ಇಷ್ಟನ್ನೇ ಮೊದಲ ದಿನ ಹೇಳಬಾರದಿತ್ತಾ ಎಂದೆ. ಹೇಳಿದ್ದೆ ಎಂದ. ಹೇಳಿದ್ದ ನಿಜ.

ಮುಂದಿನ ವಾರ ಬಂದ, ಕಪ್ಪು ಬಣ್ಣ ಬಳಿದು ನನ್ನ ಗುಂಡು ಅಕ್ಷರಗಳನ್ನು ಮುಚ್ಚಿದ, ತನ್ನ ಉದ್ದ ಅಕ್ಷರ ಬರೆದ. ಈ ಸಲ ನಾಲ್ಕು ದಿನ ತೆಗೆದುಕೊಂಡ. ಈಗ ಊರವರ ಸರದಿ. ಚೆಂದದ ಅಕ್ಷರ ಅಳಿಸಿ ಹಾವು ಬರೆಸಿದ್ದು ಯಾಕೆ ಎಂದು ಪಂಚಾಯತಿ ಮೆಂಬರರೊಬ್ಬರು ಕೇಳಲು ಬಂದರು. ನಾನು ವಿವರಿಸಿದೆ. ಅವರು ಅಕ್ಷರದ ಬುಡದಲ್ಲೇ ನಿಂತು, ಬಗ್ಗಿ ನೋಡಿ, ಇಲ್ಲ ಅಕ್ಕೋರೆ ಉದ್ದವೇ ಅಂದರು. ಇನ್ನೊಂದು ಸಲ ವಿವರಿಸಿದೆ. ಇನ್ನೊಂದು ಸಲ ಬಗ್ಗಿ ನೋಡಿದರು. ನನ್ನ ಜೀವಮಾನದ ಅತಿ ಉದ್ದದ ಸಂಜೆ ಅದು. ಕೊನೆಗೆ ಅವರ ಕೈ ಹಿಡಿದು ದೂರಕ್ಕೆ ಎಳೆದುಕೊಂಡು ಹೋಗಿ, ಸೀರೆ ಎತ್ತಿ ಕಟ್ಟಿ, ಎಲ್ಲರೆದುರು ಮೊದಲು ನಾನೇ ಕುಕ್ಕರಿಸಿ ಕೂತೆ. ಅವರೂ ಕೂತರು. ಒಂದು ಕಣ್ಣು ಮುಚ್ಚಿದರು. ಆಮೇಲೆ “ನಿ… ಧಾ… ನ” ಎಂದು ಒಂದನೇ ಕ್ಲಾಸಿನವರ ಹಾಗೆ ಬಿಡಿಸಿ ಓದಿದರು.

ಗೌರಿಗೆ ಇದು ಯಾವುದೂ ಬೇಕಿರಲಿಲ್ಲ. ಅವಳು ಮೂರು ದಿನ ಶಾಲೆ ಶುರುವಾಗುವ ಹೊತ್ತಿಗೆ ಬಂದು ರಸ್ತೆ ಬದಿಯ ಮೋರಿಯ ಮೇಲೆ ಕೂತಳು. ಅಕ್ಷರ ನೋಡಲಿಲ್ಲ, ಗಾಡಿ ನೋಡಿದಳು. ಎಲ್ಲ ಗಾಡಿಗಳೂ ನಿಧಾನವಾದವು ಎಂದು ಹೇಳಿದರೆ ಸುಳ್ಳಾಗುತ್ತದೆ. ಹೆಚ್ಚಿನವು ಆದವು. ಕೆಲವರು ದೂರದಲ್ಲೇ ಓದಿ ತಲೆ ಎತ್ತಿ ಶಾಲೆಯತ್ತ ನೋಡುತ್ತಿದ್ದರು. ನಾಲ್ಕನೇ ದಿನ ನಾಗವೇಣಿ ಪಾಟಿಚೀಲ ಹಾಕಿಕೊಂಡು ಬಂದಳು. ಬಿಟ್ಟ ಮಕ್ಕಳು ಒಬ್ಬೊಬ್ಬರಾಗಿ ಬಂದರು. ಮೂರು ವರ್ಷದ ನಂತರ, ನಾನು ನಿವೃತ್ತಳಾಗುವ ಮೊದಲು, ಉಬ್ಬೂ ಬಂತು.

ವಿಠೋಬನ ಮೇಲೆ ಸಿಟ್ಟು ಯಾಕೆ ಎಂದು ಈಗ ನಿಮಗೆ ತಿಳಿದಿರಬಹುದು. ಆ ಮನುಷ್ಯ ತಾನಾಗಿ ಒಂದು ಸಲವೂ ನೋಡಿದಿರಾ, ನಾನು ಹೇಳಿರಲಿಲ್ಲವಾ ಎನ್ನಲಿಲ್ಲ. ಅಂದಿದ್ದರೆ ನಾನು ತಪ್ಪಾಯಿತು ಎಂದು ಹೇಳಿ ಹಗುರಾಗುತ್ತಿದ್ದೆ. ಹೇಳದೆ ಉಳಿದ ಮಾತು ಹೊಟ್ಟೆಯಲ್ಲಿ ಕೂತು ಟರ್ಪಂಟೈನ್ ವಾಸನೆಗೆಲ್ಲ ಎದ್ದು ನಿಲ್ಲುತ್ತಿತ್ತು. ಈ ಸಲ ಜಗಲಿಯಲ್ಲಿ ಕೂತು ಉರಿದುಕೊಳ್ಳುವುದು ಸಾಕು ಅನಿಸಿತು. ಮೊನ್ನೆ ಭಾನುವಾರ ವಿಚಾರಿಸಿಕೊಂಡು ಅವನ ಮನೆಗೆ ಹೋದೆ. ನನ್ನ ಮನೆಯಿಂದ ರಿಕ್ಷಾದಲ್ಲಿ ಹತ್ತು ನಿಮಿಷ. ಇಷ್ಟು ವರ್ಷ ಹತ್ತು ನಿಮಿಷದ ದೂರದಲ್ಲಿದ್ದ.

ಕೂದಲು ಬಿಳಿಯಾಗಿದೆ, ಕೈ ನಡುಗುತ್ತದೆ, ಬರೆಯುವುದು ಬಿಟ್ಟಿದ್ದಾನೆ. ಕೂತಿರಿ ಅಕ್ಕೋರೆ ಎಂದ, ಆದರೆ ಯಾವ ಅಕ್ಕೋರು ಎಂದು ಅವನಿಗೆ ತಿಳಿದಿರಲಿಲ್ಲ. ರಸ್ತೆಯ ಬರಹ ಎಂದೆ. ನಾನು ಬೋಟಿಗೆ ಬರೆಯುವವ, ರಸ್ತೆಗೆ ಬರೆದಿಲ್ಲ ಎಂದ. ನನಗೆ ಪಿತ್ತ ನೆತ್ತಿಗೇರಿತು. ನನ್ನ ಆಯುಷ್ಯದಲ್ಲಿ ನಾನು ಇಷ್ಟು ದೊಡ್ಡದಾಗಿ ತಪ್ಪಿದ್ದು ಅದೊಂದೇ ಸಲ, ಅದಕ್ಕೆ ಸಾಕ್ಷಿಯಾದವನಿಗೆ ಅದರ ನೆನಪೇ ಇಲ್ಲ. ಕ್ಷಮೆ ಕೇಳಬೇಕೆಂದರೆ ಈಗ ಕತೆಯನ್ನೆಲ್ಲ ನಾನೇ ಹೇಳಬೇಕು. ಹೇಳಿದೆ. ಒರೆಸಿದ ಸೀಮೆಸುಣ್ಣ, ಗುಂಡು ಅಕ್ಷರ, ಬೈಕು, ಟೆಂಪೊ, ಬಶಿ, ಒಂದನ್ನೂ ಬಿಡದೆ; ‘ನಾನು’ ಎನ್ನಬೇಕಾದಲ್ಲಿ ಮಾತ್ರ ಬಾಯಿಗೆ ‘ಒಬ್ಬರು ಅಕ್ಕೋರು’ ಎಂದೇ ಬಂತು. ಬೇರೆ ಯಾರದೋ ಸುದ್ದಿ ಎಂಬಂತೆ ಅವನು ಗಲ್ಲಕ್ಕೆ ಕೈ ಕೊಟ್ಟು ಕೇಳಿದ. ಹುಡುಗಿ ಬೈಕಿಗೆ ಸಿಗುವುದು ಗೇಣಿನಲ್ಲಿ ತಪ್ಪಿದ ಜಾಗಕ್ಕೆ ಬಂದಾಗ ಅವನಿಗೇ ಸಿಟ್ಟು ಬಂತು.

“ಯಾರು ಆ ಅಕ್ಕೋರು? ಅಷ್ಟು ಹಟವಾ?”

“ನಾನೇ,” ಎಂದೆ. “ತಪ್ಪಾಯ್ತು ವಿಠೋಬ.”

ಒಳಗಿನಿಂದ ಅವನ ಹೆಂಡತಿ ನಕ್ಕದ್ದು ಕೇಳಿತು. ಅವನು ನಗಲಿಲ್ಲ.

“ಮತ್ತೆ ಬರದ್ ಮೇಲೆ, ಗಾಡಿಯವಂಗೆ ಓದೂಕೆ ಬಂತಾ?”

ಬಂತು ಎಂದೆ.

“ಹಾಂಗಾರೆ ನಾನೇ ಬರದದ್ದಾಗಿರ್ಬೇಕು,” ಎಂದು, ಹೆಂಡತಿಯನ್ನು ಕರೆದು ಚಾ ಇಡಲು ಹೇಳಿದ.